ಮುಚ್ಚಿದ ಹೋಟೆಲಿನ ಊಟ

ಹೋದ ವಾರ ಸೇಡಂಗೆ ಹೋಗಿದ್ದೆವು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕುಳಿತ ಕೂಡಲೇ ಸಪ್ಲೈಯರ್ ಬಂದು ಎರಡು ಸ್ಟೀಲ್ ಲೋಟಗಳನ್ನು ಟಣ್ಣೆಂದು ಮೇಜಿನ ಮೇಲೆ ಕುಕ್ಕಿದ. ಅವನ ಹೆಬ್ಬೆರಳು ನನ್ನ ನೀರಿನೊಳಗೇ ಇತ್ತು. ಮೊದಲಾಗಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದೆ. ಈಗ ಆ ಲೋಟವನ್ನೇ ನೋಡುತ್ತ ಕುಳಿತುಬಿಟ್ಟೆ. ನಾನಿನ್ನೂ ಏನೂ ಹೇಳಿರಲಿಲ್ಲ. ಉಣ್ಣುತ್ತೇನೋ, ಬರೀ ಚಹಾ ಕುಡಿಯುತ್ತೇನೋ, ಇಲ್ಲಾ ಬಸ್ಸು ಬರುವವರೆಗೆ ಫ್ಯಾನಿನ ಗಾಳಿ ತೆಗೆದುಕೊಂಡು ಎದ್ದು ಹೋಗುತ್ತೇನೋ, ಅವನಿಗೇನು ಗೊತ್ತು? ಆದರೂ ನೀರು ಬಂತು.

ಹೆಂಡತಿ ಮೊಣಕೈಯಿಂದ ಮೆಲ್ಲಗೆ ತಿವಿದಳು. "ಏನ್ ನೋಡ್ಲಿಕತ್ತೀರಿ? ಕುಡೀರಿ, ಇದಕ್ಕ ಬಿಲ್ ಹಾಕಂಗಿಲ್ಲ."

ಈ ಮಾತು ನಿಮಗೆ ಅರ್ಥವಾಗಬೇಕಾದರೆ ನಾನು ಒಂದು ಹಡಗಿನ ಸುದ್ದಿ ಹೇಳಬೇಕು.

ನನ್ನದು ಚಿತ್ತಾಪುರದಲ್ಲಿ ಸಿಮೆಂಟಿನ ಅಂಗಡಿ. ಹೆಚ್ಚು ಚೀಲ ಮಾರಿದ ಅಂಗಡಿಯವರನ್ನು ಕಂಪನಿಯವರು ಎಲ್ಲಿಗಾದರೂ ಸುತ್ತಾಡಿಸಿಕೊಂಡು ಬರುವುದು ನಮ್ಮ ವ್ಯಾಪಾರದಲ್ಲಿ ವಾಡಿಕೆ. ಒಮ್ಮೆ ದುಬೈ ಅಂದರು, ನಾನು ಹೋಗಲಿಲ್ಲ. ಒಮ್ಮೆ ಬ್ಯಾಂಕಾಕ್ ಅಂದರು, ಹೆಂಡತಿ ಹೋಗಗೊಡಲಿಲ್ಲ. ಮುಂದಿನ ಸಲ ಇಟಲಿಯ ಕಡೆಯ ಸಮುದ್ರದಲ್ಲಿ ಹಡಗಿನ ಪ್ರವಾಸ, ಅದೂ ಗಂಡ ಹೆಂಡತಿ ಇಬ್ಬರಿಗೂ ಎಂದಾಗ ಅವಳೇ, "ಈ ಸಲ ಹೋಗೂಣು" ಎಂದಳು. ನನ್ನ ಹೆಂಡತಿ ಶಿವಲೀಲಾ ಸೇಡಂನ ಹೆಣ್ಣುಮಗಳು. ನೀರು ಎಂದರೆ ಅವಳ ಪಾಲಿಗೆ ಕಾಗಿಣಾ ನದಿ. ಮದುವೆಯಾದ ಹೊಸದರಲ್ಲಿ ಚಿಂಚೋಳಿಯ ನೆಂಟರ ಜೊತೆ ಚಂದ್ರಂಪಳ್ಳಿ ಡ್ಯಾಮಿಗೆ ಹೋದಾಗ ಅಷ್ಟು ನೀರನ್ನು ಒಟ್ಟಿಗೆ ಕಂಡು, "ಸಮುದ್ರ ಹಿಂಗೇ ಇರ್ತದೇನ್ರಿ?" ಎಂದು ಕೇಳಿದ್ದಳು. ನಾನೂ ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ. ಆದರೂ ಹೊಸ ಗಂಡನ ಗತ್ತಿನಿಂದ, "ಇದಕ್ಕಿಂತ ಜರಾ ದೊಡ್ಡದಿರ್ತದ" ಎಂದಿದ್ದೆ.

ನಮ್ಮ ಗುಂಪಿನಲ್ಲಿ ಬೇರೆ ಬೇರೆ ಜಿಲ್ಲೆಗಳ ಅಂಗಡಿಯವರಿದ್ದರು. ಬಹಳ ಮಂದಿ ಹಡಗು ಹತ್ತಿದ ದಿನವೇ ಬಾರಿನ ದಾರಿ ಕಂಡುಕೊಂಡರು. ಉಳಿದವರು ನಾವಿಬ್ಬರು ಮತ್ತು ವಾಡಿಯ ಖಾಸಿಂ ಸಾಬರು. ಅವರದೂ ಸಿಮೆಂಟಿನ ಅಂಗಡಿಯೇ. ಹೆಂಡತಿಗೆ ಮೊಣಕಾಲು ನೋವೆಂದು ಒಬ್ಬರೇ ಬಂದಿದ್ದರು. ಹಡಗಿನ ಮಾಂಸ ಹಲಾಲ್ ಹೌದೋ ಅಲ್ಲವೋ ಎಂದು ಅವರು ಮುಟ್ಟಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾವು ಮುಟ್ಟುವ ಮಾತೇ ಇರಲಿಲ್ಲ. ಹೀಗೆ ಮೂವರೂ ಒಂದೇ ಮೇಜಿಗೆ ಬಂದು ಬಿದ್ದೆವು.

ಹಡಗಿನಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಎಲ್ಲಾದರೂ ಒಂದು ಕಡೆ ಉಣಬಡಿಸುತ್ತಲೇ ಇರುತ್ತಾರೆ, ಯಾರೂ ರೊಕ್ಕ ಕೇಳುವುದಿಲ್ಲ. ಆದರೆ ಒಂದು ಬಾಟಲಿ ನೀರು ಕೇಳಿದಿರೋ, ಕೋಣೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಅನ್ನಕ್ಕೆ ಬೆಲೆ, ನೀರು ಪುಕ್ಕಟೆ. ಅಲ್ಲಿ ಅನ್ನ ಪುಕ್ಕಟೆ, ನೀರಿಗೆ ಬೆಲೆ. ಸಪ್ಲೈಯರುಗಳ ಬಕ್ಷೀಸನ್ನಂತೂ ನಾವು ಕೊಡುವ ಮೊದಲೇ ದಿನಕ್ಕಿಷ್ಟು ಎಂದು ಸೇರಿಸಿಬಿಡುತ್ತಾರೆ. ಖಾಸಿಂ ಸಾಬರಿಗೆ ಅದು ಸರಿಬರಲಿಲ್ಲ.

"ಬಕ್ಷೀಸ್ ಅಂದ್ರ ನಾವು ಖುಷಿಯಾಗಿ ಕೊಡೋದು, ಸಾವಕಾರ್ರೆ. ಇವರು ಮೊದಲು ಬರಕೊಂಡು ಆಮ್ಯಾಲ ನಮಗ ಖುಷಿ ಮಾಡ್ತಾರ" ಎಂದು ಅವರು ಪ್ರತಿದಿನ ನಮ್ಮ ಮೇಜಿನ ನೇಪಾಳಿ ಸಪ್ಲೈಯರನ ಕೈಯಲ್ಲಿ ಬೇರೆಯಾಗಿಯೇ ಏನಾದರೂ ಇಡುತ್ತಿದ್ದರು. ಅವನು ನಡುವಯಸ್ಸಿನ ಒಳ್ಳೆಯ ಮನುಷ್ಯ, ಹಿಂದಿ ಬಲ್ಲವನು. ನಮ್ಮ ಪಾಡು ನೋಡಿ ಒಳಗೆ ಹೇಳಿ ಬೇಳೆ ಮಾಡಿಸಿ ತರುತ್ತಿದ್ದ.

ಶಿವಲೀಲಾಳ ಕಷ್ಟವೇ ಬೇರೆ. ನಮ್ಮ ತಾಟಿನಲ್ಲಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ಅಲ್ಲಿ ಒಂದು ಪದಾರ್ಥ ಬಂದು, ಅದು ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮೊದಲ ದಿನ ಸೂಪು ಕುಡಿದು ಬಟ್ಟಲನ್ನು ಬಿಗಿಯಾಗಿ ಹಿಡಿದುಕೊಂಡೇ ಕುಳಿತಿದ್ದಳು, ಅನ್ನ ಇದರಲ್ಲೇ ಹಾಕುತ್ತಾರೆಂದು. ಇನ್ನೊಂದು ಸಲ ಹಡಗಿನೊಳಗೇ ಇದ್ದ, ಬೆಲೆ ಕೊಡಬೇಕಾದ ಕಾಫಿ ಅಂಗಡಿಯಲ್ಲಿ ಪಕ್ಕದ ಮೇಜಿನ ಇಬ್ಬರು ಮುದುಕಿಯರು ನಕ್ಕು ಮಾತಾಡಿ ಕಾಫಿ ಕುಡಿದು, ಕೊನೆಗೆ ತಮ್ಮ ತಮ್ಮ ಕಾಫಿಯ ಬೆಲೆಯನ್ನು ತಾವೇ ಬೇರೆ ಬೇರೆಯಾಗಿ ಕೊಟ್ಟರು. ಅವಳು ನನ್ನ ಕಿವಿಯಲ್ಲಿ, "ಈಗ ತನಕಾ ಚಲೋ ಇದ್ರಲ್ಲ, ನಡುವ ಜಗಳ ಆಯ್ತೇನ್ರಿ?" ಎಂದಳು.

ಅವಳು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಬಿಲ್ಲು ಹಂಚಿಕೊಳ್ಳುವುದು ಸಂಬಂಧ ಮುರಿದ ಮೇಲೆ. ಸಂಬಂಧ ಇರುವವರೆಗೆ ಗಲ್ಲಾದ ಮುಂದೆ ಕುಸ್ತಿಯೇ. ವಾಡಿ ಸ್ಟೇಷನ್ನಿನ ಹೊರಗೆ ನಮ್ಮ ಸೋದರಮಾವ ಮತ್ತು ನಮ್ಮಪ್ಪ ಚಹಾದ ರೊಕ್ಕಕ್ಕಾಗಿ ಒಬ್ಬರ ಕೈಯನ್ನೊಬ್ಬರು ಹಿಡಿದೆಳೆದು, ಒಬ್ಬರ ಅಂಗಿಯ ಕಿಸೆ ಹರಿದು, ಅಷ್ಟರಲ್ಲಿ ಗಾಡಿಯೂ ತಪ್ಪಿ, ಮತ್ತೆ ಬಂದು ಅದೇ ಹೋಟೆಲಿನಲ್ಲಿ ಇನ್ನೊಂದು ಚಹಾ ಕುಡಿದದ್ದನ್ನು ನಾನೇ ಕಂಡಿದ್ದೇನೆ. ನಾನು ಬೆಳೆದದ್ದು ರಾವೂರಿನಲ್ಲಿ, ನಮ್ಮ ಆಯಿಯ, ಅಂದರೆ ಅಜ್ಜಿಯ, ಕೈಯಲ್ಲಿ. ಮನೆ ರಸ್ತೆಯ ಮೇಲೇ ಇತ್ತು. ಕಲ್ಲಿನ ಖಣಿಯಿಂದ ಶಹಾಬಾದಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲು ಒಯ್ಯುವ ಲಾರಿಗಳು ನೀರಿಗೆಂದು ಅಲ್ಲಿ ನಿಲ್ಲುತ್ತಿದ್ದವು. ನೀರು ಕೇಳಿದ ಡ್ರೈವರಿಗೆ ಆಯಿ, "ಉಂಡಿ ಏನಪಾ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಉಂಡಾಗಿದೆ ಎಂದರೆ ನಂಬುತ್ತಿರಲಿಲ್ಲ. "ಅರ್ಧ ರೊಟ್ಟಿ ತಿನ್ನು" ಎನ್ನುತ್ತಿದ್ದಳು. ಆಕೆಯ ಅರ್ಧ ರೊಟ್ಟಿ ಎಂದರೆ ಎದುರಿನವನು ಏಳಲಾರದಂತಾಗುವವರೆಗೆ. ಅಂಥ ಮನೆಯಲ್ಲಿ ಬೆಳೆದವನಿಗೆ, ಕುಳಿತದ್ದಕ್ಕೆ ರೊಕ್ಕ ಕೊಡು ಎಂದರೆ ಹೇಗಾಗಬೇಡ?

ಅದು ಆದದ್ದು ಒಂದು ಭಾನುವಾರ. ಹಡಗು ಬೆಳಿಗ್ಗೆ ಒಂದು ಚಿಕ್ಕ ಊರಿನ ಬಂದರಿನಲ್ಲಿ ನಿಂತಿತು. ಊರಿನ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹತ್ತಿಲ್ಲ. ಸಂಜೆ ಐದಕ್ಕೆ ಹಡಗು ಬಿಡುತ್ತದೆ, ತಡಮಾಡಿದವರಿಗೆ ಕಾಯುವುದಿಲ್ಲ ಎಂದು ಹೇಳಿದ್ದರು. ಗುಂಪಿನವರು ಬಸ್ಸಿನಲ್ಲಿ ದೂರದ ದೊಡ್ಡ ಊರು ನೋಡಲು ಹೋದರು. ಬಸ್ಸಿನಲ್ಲಿ ತಲೆ ಸುತ್ತುತ್ತದೆಂದು ಶಿವಲೀಲಾ ಉಳಿದಳು, ಅವಳಿಗಾಗಿ ನಾನು, ನಮಗಾಗಿ ಖಾಸಿಂ ಸಾಬರು. ಗುಡ್ಡದ ಮೇಲಿನ ಊರು. ಎಲ್ಲಿ ನೋಡಿದರೂ ಕಲ್ಲು ಹಾಸಿದ ಮೆಟ್ಟಿಲು. ಖಾಸಿಂ ಸಾಬರು ಹೆಜ್ಜೆಗೊಮ್ಮೆ ಬೂಟಿನಿಂದ ಕಲ್ಲನ್ನು ಒತ್ತಿ ನೋಡಿ, "ನಮ್ಮ ಶಹಾಬಾದ ಪರಸಿ ಮುಂದ ಇದೇನು ಬಿಡ್ರಿ" ಎನ್ನುತ್ತ ಹತ್ತಿದರು.

ಮಧ್ಯಾಹ್ನವಾಗುತ್ತಲೇ ಒಂದು ಪುಟ್ಟ ಹೋಟೆಲು ಕಂಡಿತು. ಹೊರಗೆ ಮೇಜು ಹಾಕಿದ್ದರು. ದಪ್ಪ ಬಿಳಿ ಮೀಸೆಯ ಮುದುಕನೊಬ್ಬ ಬಂದು ಒಂದು ಬುಟ್ಟಿ ಬ್ರೆಡ್ಡು, ಒಂದು ಬಾಟಲಿ ನೀರು ಇಟ್ಟು ಹೋದ. ಊಟ ಬಂದಂತೆಯೇ ಎಂದುಕೊಂಡು ನಾನು ಶುಗರಿನ ಗುಳಿಗೆ ನುಂಗಿಬಿಟ್ಟೆ. ಗುಳಿಗೆ ನುಂಗಿದ ಮೇಲೆ ಉಣ್ಣಲೇಬೇಕು, ಅದು ನಿಯಮ. ಆದರೆ ಅಲ್ಲಿ ಬರೆದಿಟ್ಟ ಪದಾರ್ಥಗಳ ಹೆಸರು ಒಂದೂ ತಿಳಿಯಲೊಲ್ಲದು. ಖಾಸಿಂ ಸಾಬರು ಮೊಬೈಲ್ ಹಿಡಿದು ಅನುವಾದ ಮಾಡಿಸಿದರು. ಒಂದು ಪದಾರ್ಥಕ್ಕೆ ಅದು ಸಿಟ್ಟಿಗೆದ್ದ ಪೆನ್ನು ಎಂದು ತೋರಿಸಿತು.

"ಹಡಗಿನ್ಯಾಗ ಬೇಳಿ ಅದ, ಪುಕ್ಕಟ ಅದ. ಇಲ್ಲಿ ಸಿಟ್ಟಿನ ಪೆನ್ನು ಯಾಕ ತಿನ್ನಬೇಕ್ರಿ?" ಎಂದಳು ಶಿವಲೀಲಾ. ಮಾತು ಸರಿಯೆನಿಸಿತು. ಒಂದೊಂದು ಚೂರು ಬ್ರೆಡ್ಡು ತಿಂದು, ಬರೀ ಕಾಫಿ ಕುಡಿದು, ಬಿಲ್ಲು ತರಿಸಿದೆವು. ಕಾಫಿಗೆ ಇತ್ತು, ನೀರಿಗೆ ಇತ್ತು. ಅದರ ಕೆಳಗೆ ಇನ್ನೊಂದು ಸಾಲು, ಅದರ ಮುಂದೆ ಮೂರು ಎಂಬ ಅಂಕಿ. ಖಾಸಿಂ ಸಾಬರು ಆ ಸಾಲಿನ ಮೇಲೆ ಬೆರಳಿಟ್ಟು ಮುದುಕನ ಮುಖ ನೋಡಿದರು. ಮುದುಕ "ಕೊಪೆರ್ತೊ" ಎಂದು, ನಾವು ಕುಳಿತ ಮೂರು ಕುರ್ಚಿಗಳನ್ನೂ ಬ್ರೆಡ್ಡಿನ ಬುಟ್ಟಿಯನ್ನೂ ತೋರಿಸಿದ.

"ಕುಂತದ್ದಕ್ಕ ರೊಕ್ಕ?" ಎಂದಳು ನನ್ನ ಹೆಂಡತಿ.

ಕೊಟ್ಟೆವು. ಖಾಸಿಂ ಸಾಬರು ಸಿಟ್ಟಿನಲ್ಲೂ ಅಭ್ಯಾಸ ಬಿಡದೆ ಮೇಜಿನ ಮೇಲೆ ನಾಲ್ಕು ಚಿಲ್ಲರೆ ನಾಣ್ಯ ಬಿಟ್ಟು ಎದ್ದರು. ನಾವು ಸ್ವಲ್ಪ ದೂರ ಹೋಗಿದ್ದೆವೋ ಇಲ್ಲವೋ, ಮುದುಕ ಏದುಸಿರು ಬಿಡುತ್ತ ಹಿಂದೆ ಬಂದು ಆ ಚಿಲ್ಲರೆಯನ್ನು ಖಾಸಿಂ ಸಾಬರ ಅಂಗೈಯಲ್ಲಿಟ್ಟು ಹೋದ, ಮರೆತು ಬಂದಿರಿ ಎಂಬಂತೆ.

"ಕುಂತದ್ದಕ್ಕ ತಗೋತಾನ, ಕೊಟ್ಟದ್ದು ವಾಪಸ್ ಕೊಡ್ತಾನ. ಇವನ ಲೆಕ್ಕ ನನಗ ತಿಳೀವಲ್ದು" ಎಂದರು ಅವರು.

ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ದಾರಿಯುದ್ದಕ್ಕೂ, "ನನ್ನ ಅಂಗಡಿಗಿ ಬಂದವರಿಗಿ ನಾ ಕುರ್ಚಿ ಕೊಡ್ತೀನಿ, ಚಹಾ ಕುಡಸ್ತೀನಿ, ಎಂದಾದ್ರೂ ರೊಕ್ಕ ಕೇಳೀನೇನು?" ಎಂದು ಭಾಷಣ ಬಿಗಿಯುತ್ತಿದ್ದೆ.

ಶಿವಲೀಲಾ ಸೆರಗು ಸರಿಮಾಡಿಕೊಳ್ಳುತ್ತ, "ನೀವು ಚಹಾದ ರೊಕ್ಕ ಸಿಮೆಂಟಿನ ಚೀಲದಾಗ ಸೇರಸ್ತೀರಿ. ಪಾಪ, ಆ ಮುದ್ಯಾ ಬಿಡಿಸಿ ಬರ್ದಾನ, ಅಷ್ಟೇ ಫರಕ" ಎಂದಳು. ಖಾಸಿಂ ಸಾಬರು ಅತ್ತ ಮುಖ ತಿರುಗಿಸಿ ನಕ್ಕರು. ಅವರೂ ಅಂಗಡಿಯವರೇ.

ಸೀದಾ ಹಡಗಿಗೆ ಹೋಗಿ ಉಣ್ಣುವುದೆಂದು ಹೊರಟವರು ನಾವು. ಆದರೆ ಆ ಗಲ್ಲಿಗಳು ಒಂದರೊಳಗೊಂದು ಹೊಕ್ಕು, ಇಳಿದೆವು ಎಂದುಕೊಂಡಾಗ ಮತ್ತೆ ಹತ್ತಿಸಿ, ಸಮುದ್ರ ಎಡಕ್ಕಿದ್ದದ್ದು ಬಲಕ್ಕೆ ಬಂದು, ಕೊನೆಗೆ ಕಾಣದೇ ಹೋಯಿತು. ಹಾದಿ ಕೇಳೋಣವೆಂದರೆ ಒಂದು ನರಪಿಳ್ಳೆ ಇಲ್ಲ. ಭಾನುವಾರದ ಮಧ್ಯಾಹ್ನ ಅಲ್ಲಿ ಅಂಗಡಿಗಳೆಲ್ಲ ಬಂದ್. ನಮ್ಮ ಕಡೆ ಬೇಸಿಗೆಯಲ್ಲಿ ಹನ್ನೆರಡರ ಮೇಲೆ ಬೀದಿ ಹೇಗೆ ಬಿಕೋ ಎನ್ನುತ್ತದೆಯೋ ಹಾಗೆ.

ಮೊದಲು ನನ್ನ ಕೈ ಸಣ್ಣಗೆ ನಡುಗಿತು. ಆಮೇಲೆ ಅಂಗಿ ಬೆವರಿನಲ್ಲಿ ತೊಯ್ದಿತು. ಮೆಟ್ಟಿಲುಗಳು ಒಂದರ ಮೇಲೊಂದು ಜಾರುತ್ತಿರುವಂತೆ ಕಂಡವು. ನನಗೆ ಏನಾಗುತ್ತಿದೆ ಎಂದು ಗೊತ್ತಿತ್ತು, ಆದರೆ ಹೇಳಲು ಮಾತು ಸಿಗುತ್ತಿರಲಿಲ್ಲ. ಶಿವಲೀಲಾ ಒಮ್ಮೆ ನನ್ನ ಮುಖ ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿದಳು.

"ಶುಗರ್ ಇಳದದ ಭಾಯಿ" ಎಂದಳು ಖಾಸಿಂ ಸಾಬರಿಗೆ. "ಗುಳಿಗಿ ತಗೊಂಡು ಉಂಡೇ ಇಲ್ಲ."

ಅವಳ ದೊಡ್ಡ ಚೀಲದಲ್ಲಿ ಯಾವಾಗಲೂ ಒಂದು ಹೆಂಟೆ ಬೆಲ್ಲ ಇರುತ್ತದೆ. ಅವತ್ತು ಕಂಪನಿಯವರು ಉಡುಗೊರೆ ಕೊಟ್ಟ ಪುಟ್ಟ ಪರ್ಸು ಹಿಡಿದು ಬಂದಿದ್ದಳು. ಅದನ್ನು ಮೆಟ್ಟಿಲ ಮೇಲೆ ಸುರಿದು ಹುಡುಕಿದಳು. ಹಡಗಿನ ಕಾರ್ಡು, ಕರವಸ್ತ್ರ, ವಿಭೂತಿಯ ಗಟ್ಟಿ. ಸಿಹಿಯೆಂಬುದು ಒಂದೂ ಇಲ್ಲ. ನಾನು ಅವಳನ್ನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ, ಆದರೆ ಅವಳ ಬೆರಳುಗಳು ಹಾಗೆ ತಡವರಿಸಿದ್ದನ್ನು ಕಂಡಿರಲಿಲ್ಲ. "ಕಣ್ಣ ಮುಚ್ಚಬ್ಯಾಡ್ರಿ. ನನ್ನ ಕಡೆ ನೋಡ್ರಿ. ನನ್ನ ಕಡೆ ನೋಡ್ರಿ" ಎಂದು ಒಂದೇ ಸಮನೆ ಹೇಳುತ್ತಿದ್ದಳು.

ಖಾಸಿಂ ಸಾಬರು ಬಾಗಿಲಿನಿಂದ ಬಾಗಿಲಿಗೆ ಓಡಿ ತಟ್ಟಿದರು. ಯಾರೂ ತೆಗೆಯಲಿಲ್ಲ. ಕೊನೆಗೆ ಒಂದು ಸಣ್ಣ ಹಿಂಬಾಗಿಲಿನ ಒಳಗೆ ತಾಟಿನ ಸದ್ದು ಕೇಳಿ, ಎರಡೂ ಕೈಯಿಂದ ಬಡಿದರು. ಬಾಗಿಲು ತೆರೆಯಿತು. ನಿಂತಿದ್ದವನು ಅದೇ ಬಿಳಿ ಮೀಸೆಯ ಮುದುಕ. ಸುತ್ತಿ ಸುತ್ತಿ ನಾವು ಅದೇ ಹೋಟೆಲಿನ ಹಿಂದುಗಡೆ ಬಂದಿದ್ದೆವು.

"ಕ್ಯೂಸೊ" ಎಂದ ಅವನು, ಕೈ ಅಲ್ಲಾಡಿಸುತ್ತ. ಮುಚ್ಚಿದೆ ಎಂದು. ಖಾಸಿಂ ಸಾಬರು ವಾದ ಮಾಡಲಿಲ್ಲ. ಪಕ್ಕಕ್ಕೆ ಸರಿದು ನನ್ನನ್ನು ತೋರಿಸಿದರು. ಮುದುಕನ ಕೈ ಅಲ್ಲಿಗೇ ನಿಂತಿತು. ಒಳಗೆ ತಿರುಗಿ ಏನೋ ಕೂಗಿದ. ಅವನ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನನ್ನ ಹಣೆ ಮುಟ್ಟಿದಳು, ಕೈ ಹಿಡಿದು ನೋಡಿದಳು, ಯಾರನ್ನೂ ಏನೂ ಕೇಳದೆ ಒಳಗೆ ಹೋಗಿ ಒಂದು ಲೋಟ ತಂದು ನನ್ನ ತುಟಿಗೆ ಹಿಡಿದಳು. ಸಕ್ಕರೆ ನೀರು. ತಳದಲ್ಲಿ ಇನ್ನೂ ಕರಗದ ಸಕ್ಕರೆಯನ್ನು ಬೆರಳಿನಿಂದ ಕಲಕಿದ್ದಳು.

ಸ್ವಲ್ಪ ಹೊತ್ತಿಗೆ ನನಗೆ ಜಗತ್ತು ಮತ್ತೆ ನೇರವಾಗಿ ಕಂಡಿತು. ಮುದುಕನೂ ಖಾಸಿಂ ಸಾಬರೂ ಎರಡು ಕಡೆ ಹಿಡಿದು ನನ್ನನ್ನು ಅಡುಗೆಮನೆಯೊಳಗೆ ಕೂರಿಸಿದರು. ಗಿರಾಕಿಗಳಿಗೆಲ್ಲ ಉಣಿಸಿ, ಬಾಗಿಲು ಹಾಕಿ, ಆ ಗಂಡ ಹೆಂಡತಿ ತಾವು ಉಣ್ಣಲು ಆಗತಾನೇ ಕುಳಿತಿದ್ದರು. ಗೋಡೆಗೆ ಒತ್ತಿದ ಸಣ್ಣ ಮೇಜು, ಎರಡು ತಾಟು. ಆಕೆ ಇನ್ನೂ ಮೂರು ತಾಟು ಇಟ್ಟಳು. ಪಾತ್ರೆಯಲ್ಲಿದ್ದದ್ದು ಏನೆಂದು ತಿಳಿಯದೆ ಶಿವಲೀಲಾ ಸಂಕೋಚದಿಂದ ಲಿಂಗದ ಮೇಲೆ ಕೈಯಿಟ್ಟು ನಿಂತಳು. ಆಕೆಗೆ ಏನು ಅರ್ಥವಾಯಿತೋ, ಕಪಾಟಿನಿಂದ ಒಂದು ಡಬ್ಬಿ ತೆಗೆದು ಹಸಿ ಕಾಳುಗಳನ್ನು ಶಿವಲೀಲಾಳ ಅಂಗೈಗೆ ಸುರಿದಳು.

"ಕಡ್ಲಿ ಅದಾವ್ರಿ" ಎಂದಳು ನನ್ನ ಹೆಂಡತಿ. ಅವಳ ದನಿ ಅಲ್ಲಿಯವರೆಗೆ ಗಟ್ಟಿಯಾಗಿದ್ದದ್ದು ಆ ಮಾತಿಗೆ ಒಡೆಯಿತು. ಕಾಳು ಹಿಡಿದುಕೊಂಡೇ ಅತ್ತಳು. ಆಕೆ ಅವಳ ಬೆನ್ನು ಸವರಿ ಕುರ್ಚಿಗೆ ಕೂರಿಸಿದಳು.

ಕಡಲೆಕಾಳು, ಅದರಲ್ಲಿ ಬೇಯಿಸಿದ ಹಿಟ್ಟಿನ ಚೂರುಗಳು, ಮೇಲೆ ಎಣ್ಣೆ. ಅಷ್ಟೇ. "ಮಾಂಜ, ಮಾಂಜ" ಎನ್ನುತ್ತ ಆಕೆ ಬಡಿಸಿದಳು. ಉಣ್ಣು ಎಂಬ ಮಾತಿಗೆ ಯಾವ ಭಾಷೆಯಲ್ಲೂ ಅರ್ಥ ಹೇಳಬೇಕಾಗುವುದಿಲ್ಲ. ಎರಡನೆಯ ಸಲ ಬಂದಾಗ ಖಾಸಿಂ ಸಾಬರು ನಮ್ಮ ಪದ್ಧತಿಯಂತೆ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಆಕೆ ಸೌಟನ್ನು ಅವರ ಕೈಗಳ ನಡುವಿನ ಸಂದಿಯಲ್ಲಿ ತೂರಿಸಿ ಸುರಿದಳು. ನಾವು ಉಂಡದ್ದನ್ನು ನೋಡುತ್ತ ಆ ಇಬ್ಬರೂ ಉಂಡರು. ಅವರ ಪಾಲು ಎಷ್ಟು ಉಳಿಯಿತೋ, ನಾನು ನೋಡುವ ಧೈರ್ಯ ಮಾಡಲಿಲ್ಲ.

ಉಂಡು ಏಳುವಾಗ ಶಿವಲೀಲಾ ತಾಟುಗಳನ್ನು ಎತ್ತಿಕೊಂಡು ಪಾತ್ರೆ ತೊಳೆಯುವ ಮೋರಿಯ ಕಡೆ ಹೋದಳು. ಆಕೆ ಬಂದು ಕಸಿದುಕೊಂಡಳು. ಇವಳು ಬಿಡಲಿಲ್ಲ. ಇಬ್ಬರೂ ಒಂದು ತಾಟನ್ನು ಎಳೆದಾಡಿ, ಕೊನೆಗೆ ಒಬ್ಬಳು ತಿಕ್ಕುವುದು, ಇನ್ನೊಬ್ಬಳು ತೊಳೆಯುವುದು ಎಂದು ರಾಜಿಯಾಯಿತು. ನಾನು ಅಷ್ಟರಲ್ಲಿ ಪಾಕೀಟು ತೆಗೆದು ಒಂದು ನೋಟು ಮುದುಕನ ಮುಂದೆ ಇಟ್ಟೆ. ಅವನು ಅದನ್ನು ಹಿಂದಕ್ಕೆ ಸರಿಸಿ, "ಕ್ಯೂಸೊ" ಎಂದು ಮುಂಬಾಗಿಲಿಗೆ ತೂಗುಹಾಕಿದ ಹಲಗೆಯನ್ನು ತೋರಿಸಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಕಾಸಾ" ಎಂದ.

ನಮ್ಮ ಕಡೆ ರೊಕ್ಕ ಎನ್ನುತ್ತೇವೆ. ಕಾಸು ಎನ್ನುವುದು ಬೆಂಗಳೂರಿನ ಕಡೆಯವರ ಮಾತು. ಆದರೆ ವ್ಯಾಪಾರಿಯ ಕಿವಿಗೆ ಎಲ್ಲ ಸೀಮೆಯ ರೊಕ್ಕವೂ ಕೇಳಿಸುತ್ತದೆ. ಸಾಲಲಿಲ್ಲವೇನೋ ಎಂದುಕೊಂಡು ಇನ್ನೊಂದು ನೋಟು ಇಟ್ಟೆ. ಅವನು ತಲೆ ಅಲ್ಲಾಡಿಸಿ ಮತ್ತೆ, "ಕಾಸಾ, ಕಾಸಾ" ಎಂದ. ಮೂರನೆಯದಕ್ಕೆ ಕೈ ಹಾಕಿದೆ.

"ಎಷ್ಟಂತ ಕೇಳ್ತಾನ್ರಿ ಇವ?" ಎಂದರು ಖಾಸಿಂ ಸಾಬರು.

ಮುದುಕ ಎದ್ದು ನಿಂತ. ಮೊದಲು ಸೂರನ್ನು ತೋರಿಸಿದ. ಆಮೇಲೆ ಒಲೆಯನ್ನು, ಉಂಡ ಮೇಜನ್ನು, ಮೋರಿಯ ಹತ್ತಿರ ಶಿವಲೀಲಾಳ ಜೊತೆ ನಿಂತಿದ್ದ ತನ್ನ ಹೆಂಡತಿಯನ್ನು. "ಕಾಸಾ" ಎಂದ, ಈ ಸಲ ಮೆಲ್ಲಗೆ.

ಶಿವಲೀಲಾ ಒದ್ದೆ ಕೈಯಲ್ಲೇ ತಿರುಗಿ ನೋಡಿದಳು. "ರೊಕ್ಕ ಒಳಗ ಇಡ್ರಿ" ಎಂದಳು. "ಅವರು ರೊಕ್ಕ ಕೇಳ್ಲಿಕತ್ತಿಲ್ಲ. ಮನಿ ಅನ್ಲಿಕತ್ತಾರ. ಹೋಟೆಲ್ ಬಂದ್ ಆಗ್ಯಾದ, ಈಗ ಇದು ಮನಿ."

ನಾನು ನೋಟುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟುಕೊಂಡೆ. ಮಧ್ಯಾಹ್ನ ಕುರ್ಚಿಯ ಬಾಡಿಗೆ ಕೇಳಿದಾಗ ಸಿಟ್ಟು ಬಂದಿತ್ತು, ಈಗ ನಾಚಿಕೆಯಾಯಿತು, ಆದರೆ ಬೇಸರದ ನಾಚಿಕೆಯಲ್ಲ. ಹೊರಗಿನ ಕುರ್ಚಿ ಅವನ ದುಡಿಮೆ. ಅದರ ಬೆಲೆಯನ್ನು ಬಿಡಿಸಿ ಬರೆದಿದ್ದ, ಒಂದು ಚಿಲ್ಲರೆ ಹೆಚ್ಚು ಬಂದದ್ದನ್ನೂ ತಿರುಗಿ ಕೊಟ್ಟಿದ್ದ. ಒಳಗಿನ ಕುರ್ಚಿ ಅವನ ಮನೆ; ಅದಕ್ಕೆ ಬೆಲೆಯೇ ಇರಲಿಲ್ಲ. ನಾವು ಇವೆರಡನ್ನೂ ಕಲಸಿ ಚಹಾ ಮಾಡಿ ಕುಡಿಸುವವರು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ನಾನು ತೂಗಲಾರೆ. ಅವತ್ತು ನನ್ನ ಜೀವ ಅವನ ಬಾಗಿಲಿನಲ್ಲಿ ಉಳಿಯಿತು, ಅಷ್ಟು ಬಲ್ಲೆ.

"ಸಾವಕಾರ್ರೆ, ಜಹಾಜ್" ಎಂದರು ಖಾಸಿಂ ಸಾಬರು, ಗಡಿಯಾರ ನೋಡಿ ಗಾಬರಿಯಾಗಿ. ಹೊತ್ತು ನಾಲ್ಕೂವರೆ ಮೀರಿತ್ತು. ಅವರು ಎರಡೂ ಕೈಯಿಂದ ನೀರಿನ ಮೇಲೆ ತೇಲುವಂತೆ ಮಾಡಿ, ಬಾಯಿಂದ ಭೋಂ ಎಂದು ಊದಿ ತೋರಿಸಿದರು. ಮುದುಕ ನಕ್ಕು ಹೊರಗೆ ಹೋದ. ಗಲ್ಲಿಯಲ್ಲಿ ಗಡಗಡ ಸದ್ದಾಯಿತು. ನೋಡಿದರೆ ಮೂರು ಗಾಲಿಯ ಸಾಮಾನಿನ ಗಾಡಿ, ಥೇಟ್ ನಮ್ಮ ಟಂಟಂ. ಮುಂದೆ ಒಬ್ಬನೇ ಕೂರುವಷ್ಟು ಜಾಗ. ಹಿಂದೆ ಟೊಮ್ಯಾಟೊದ ಖಾಲಿ ಪೆಟ್ಟಿಗೆಗಳ ನಡುವೆ ನಾವು ಮೂವರು.

"ಕುಂದ್ರಿ ವೈನಿ, ಗಟ್ಟಿ ಹಿಡಕೋರಿ" ಎಂದರು ಖಾಸಿಂ ಸಾಬರು. ತಾವು ಚಿತ್ತಾಪುರದ ಸಂತೆಗೆ ಹೊರಟವರ ಹಾಗೆ ಕಂಬಿ ಹಿಡಿದು ನಿಂತೇಬಿಟ್ಟರು. ಮುದುಕನ ಹೆಂಡತಿ ಗಲ್ಲಿಯ ತುದಿಯವರೆಗೆ ಬಂದು ಕೈ ಬೀಸಿದಳು. ಬಂದರಿನ ರಸ್ತೆಯಲ್ಲಿ ಹಡಗಿನ ಜನ, ದೊಡ್ಡ ಟೋಪಿಯವರು, ಕಪ್ಪು ಕನ್ನಡಕದವರು, ನಿಂತು ನಮ್ಮನ್ನೇ ನೋಡಿದರು. ಶಿವಲೀಲಾ ತಲೆಯ ಮೇಲೆ ಸೆರಗು ಹೊದ್ದು, ಒಂದು ಕೈಯಲ್ಲಿ ಪೆಟ್ಟಿಗೆಯನ್ನೂ ಒಂದು ಕೈಯಲ್ಲಿ ನನ್ನ ತೋಳನ್ನೂ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಹಡಗಿನ ಏಣಿ ಎತ್ತಲು ತಯಾರಾಗಿ ನಿಂತಿದ್ದರು. ಇಳಿದು ಅವಳು ಮುದುಕನಿಗೆ ಕೈಮುಗಿದು, "ಶರಣ್ರಿ ಯಪ್ಪಾ" ಎಂದಳು. ಖಾಸಿಂ ಸಾಬರು ಈದಿನ ದಿನದಂತೆ ಮೂರು ಸಲ ಎದೆಗೆ ಎದೆ ಹಚ್ಚಿ ಅಪ್ಪಿದರು. ನನಗೆ ಧನ್ಯವಾದ ಎಂಬ ಪದ ಬಾಯಿಗೆ ಬರಲಿಲ್ಲ. ನಮ್ಮ ಮನೆಗಳಲ್ಲಿ ಉಂಡು ಎದ್ದವರು ಹಾಗೆ ಹೇಳುವುದೂ ಇಲ್ಲ. "ಬರ್ತೀವ್ರಿ" ಎಂದೆ. ಅವನು ಮೀಸೆಯೊಳಗೆ ನಕ್ಕು, ಸರಿ ಎಂಬಂತೆ ಗೋಣು ಹಾಕಿದ.

ಸಂಜೆ ಊಟದ ಹೊತ್ತಿಗೆ ಎಂದಿನ ಮೇಜಿಗೆ ಹೋಗಿ ಕುಳಿತೆವು. ಊರು ಆಗಲೇ ಹಿಂದೆ ಬಿದ್ದಿತ್ತು. ನೇಪಾಳಿ ಸಪ್ಲೈಯರ್ ಬಂದು, ಮಧ್ಯಾಹ್ನ ನಿಮಗಾಗಿ ಬೇಳೆ ಮಾಡಿಸಿಟ್ಟು ಕಾದೆ, ಎಲ್ಲಿ ಹೋಗಿದ್ದಿರಿ, ಈಗ ತರಲೇ ಎಂದು ಹಿಂದಿಯಲ್ಲಿ ಕೇಳಿದ. ಯಾರಿಗೂ ಹಸಿವಿರಲಿಲ್ಲ. ಖಾಸಿಂ ಸಾಬರು ಏನು ಹೇಳುವುದೆಂದು ನನ್ನ ಮುಖ ನೋಡಿದರು, ನಾನು ಹೆಂಡತಿಯ ಮುಖ ನೋಡಿದೆ.

"ಹೇಳ್ರಿ ಭಾಯಿ ಅವರಿಗಿ" ಎಂದಳು ಶಿವಲೀಲಾ. "ಇವತ್ತು ಮನ್ಯಾಗ ಉಂಡು ಬಂದೀವಿ ಅಂತ."